ತಲೆಗೆ ಎಣ್ಣೆ ಹಚ್ಚದ ಜೀನ

ನನ್ನ ಗಂಡ ನನ್ನ ಸೋದರಮಾವ. ಅಮ್ಮನ ಸ್ವಂತ ತಮ್ಮ. ನಮ್ಮ ಕಡೆ ಇದು ಬಾಯಿ ಬಿಟ್ಟುಕೊಂಡು ನೋಡುವ ಸಂಗತಿಯೇನಲ್ಲ. ನನ್ನ ವಯಸ್ಸಿನ ನಾಲ್ಕು ಹೆಂಗಸರು ಒಂದು ಕಡೆ ಕೂತರೆ ಒಬ್ಬಳಾದರೂ ಮಾವನನ್ನೇ ಕಟ್ಟಿಕೊಂಡವಳು ಸಿಗುತ್ತಾಳೆ. ಹುಟ್ಟಿದಾಗಿನಿಂದ ‘ಮಾವ, ನೀನು’ ಎಂದು ಕರೆದವನನ್ನು ತಾಳಿ ಕಟ್ಟಿದ ಮಾತ್ರಕ್ಕೆ ‘ಅವರು, ಇವರು’ ಎನ್ನಲು ನನ್ನ ನಾಲಿಗೆ ಹೊರಳಲಿಲ್ಲ. ಅಜ್ಜಿಯೇ ಅತ್ತೆಯಾದ್ದರಿಂದ ತಿದ್ದುವವರೂ ಇರಲಿಲ್ಲ. ಈಗ ಅವನಿಗೆ ಎಪ್ಪತ್ತು, ನನಗೆ ಅರವತ್ತಕ್ಕೆ ಒಂದು ಕಮ್ಮಿ, ಇನ್ನು ತಿದ್ದಿಕೊಂಡು ಯಾರನ್ನು ಮೆಚ್ಚಿಸಬೇಕು?

ಮಾವ ಒಳ್ಳೆಯವನು, ಆದರೆ ಜೀನ. ನಮ್ಮ ಕಡೆ ಜಿಪುಣನಿಗೆ ಜೀನ ಎನ್ನುತ್ತೇವೆ. ಸವೆದ ಸೋಪಿನ ಚೂರುಗಳನ್ನೆಲ್ಲ ಒದ್ದೆ ಮಾಡಿ, ಒಂದಕ್ಕೊಂದು ಅಂಟಿಸಿ, ರಾಗಿಮುದ್ದೆಯ ಹಾಗೆ ಉಂಡೆ ಕಟ್ಟುತ್ತಾನೆ. ಕೆಂಪು, ಹಸಿರು, ಬಿಳಿ ಎಲ್ಲ ಸೇರಿದ ಆ ಉಂಡೆಯಲ್ಲೇ ನಾನು ಮುಖ ತೊಳೆಯುತ್ತಾ ಬಂದಿದ್ದೇನೆ. ಒಲೆ ಉರಿಯುತ್ತಿದ್ದರೆ ಸೊಡರಿಗೆ ಇನ್ನೊಂದು ಕಡ್ಡಿ ಗೀರುವಂತಿಲ್ಲ. ಪೇಸ್ಟಿನ ಟ್ಯೂಬನ್ನು ಹೊಟ್ಟೆ ಸೀಳಿ ಕೆರೆಯದೆ ಬಿಸಾಡುವಂತಿಲ್ಲ. ಇವೆಲ್ಲ ಮನೆಯೊಳಗಿನ ಮಾತು, ಹೇಗೋ ಮುಚ್ಚಿಡಬಹುದು. ಊರಿಗೇ ಕಾಣುತ್ತಿದ್ದದ್ದು ಅವನ ತಲೆ.

ಕಿಬ್ಬನಹಳ್ಳಿ ಕ್ರಾಸಿನಿಂದ ಒಳಗೆ ಎರಡು ಮೈಲಿ ನಡೆದರೆ ನಮ್ಮೂರು. ಸುತ್ತ ಎಲ್ಲಿ ನೋಡಿದರೂ ತೆಂಗು. ಮನೆಮನೆಯ ಅಟ್ಟದಲ್ಲಿ ಕಾಯಿ ಒಣಗುತ್ತಿರುತ್ತದೆ, ಕೂಸಿನಿಂದ ಮುದುಕರವರೆಗೆ ಎಲ್ಲರ ತಲೆಯೂ ಎಣ್ಣೆಯಲ್ಲಿ ಮಿರಮಿರ ಮಿಂಚುತ್ತಿರುತ್ತದೆ. ಅಂಥ ಊರಿನಲ್ಲಿ, ಅಟ್ಟದ ತುಂಬ ಕಾಯಿ ಇಟ್ಟುಕೊಂಡ ನನ್ನ ಗಂಡನ ತಲೆ ಮಾತ್ರ ಒಣ ಹುಲ್ಲಿನ ಮೆದೆ. ಒಂದು ತೊಟ್ಟು ಎಣ್ಣೆ ಹಚ್ಚುವುದಿಲ್ಲ, ಹಚ್ಚಲು ಹೋದರೆ ಕೈ ತಳ್ಳುತ್ತಾನೆ. ‘ತಲೆಗೆ ಎಣ್ಣೆ ಹಚ್ಚದ ಜೀನ’ ಎಂದರೆ ಸಾಕು, ಕ್ರಾಸಿನ ಟೀ ಅಂಗಡಿಯವನೂ ನಮ್ಮ ಮನೆ ದಾರಿ ತೋರಿಸುತ್ತಿದ್ದ. ನಾನೂ ಆ ಹಾಸ್ಯಕ್ಕೆ ನನ್ನ ಪಾಲು ಸೇರಿಸುತ್ತಿದ್ದೆ. ನಾನು ಊರ ಹಾಲಿನ ಡೈರಿಯ ಕಾರ್ಯದರ್ಶಿ, ಬೆಳಿಗ್ಗೆ ಸಂಜೆ ಹಾಲು ಅಳೆಯುತ್ತಾ ಕೂತವಳಿಗೆ ಆಡಿಕೊಳ್ಳಲು ಯಾರಾದರೂ ಬೇಕು, ಗಂಡನಾದರೆ ಕೈಗೆ ಸುಲಭ.

ನಾಲ್ಕು ವರ್ಷದ ಹಿಂದೆ ಅವನ ಕಣ್ಣು ಮಂಜಾಗತೊಡಗಿತು. ಪೊರೆ ಎಂದು ನನಗೆ ಗೊತ್ತಾಯಿತು, ಅವನಿಗೂ ಗೊತ್ತಿತ್ತು. ಡಾಕ್ಟರ ಹತ್ತಿರ ಹೋಗೋಣ ಅಂದರೆ ಒಂದೇ ಮಾತು.

“ಬಲೀಲಿ ಬುಡೇ. ಕಾಯಿ ಬಲೀದೆ ಯಾರಾದ್ರೂ ಕಿತ್ತಾರಾ? ಪೊರೆನೂ ಬಲೀಬೇಕು.”

ಈಗ ಹಾಗೆಲ್ಲ ಕಾಯಬೇಕಿಲ್ಲ ಎಂದು ಡೈರಿಗೆ ಬರುವ ಪಶುವೈದ್ಯರ ಬಾಯಲ್ಲೂ ಹೇಳಿಸಿದೆ. “ಅವ್ರು ಎಮ್ಮೆ ಡಾಕ್ಟ್ರು ಕಣೇ” ಎಂದು ತಳ್ಳಿಹಾಕಿದ. ನನಗಿದ್ದ ಭಯ ಒಂದೇ, ಏಣಿ. ನಮ್ಮಲ್ಲಿ ಕಾಯಿಯನ್ನು ಸಿಪ್ಪೆ ಸಮೇತ ಅಟ್ಟದಲ್ಲಿ ಹರಡಿ, ಹತ್ತಿರ ಹತ್ತಿರ ಒಂದು ವರ್ಷ ಒಣಗಿಸುತ್ತೇವೆ. ನೀರೆಲ್ಲ ಇಂಗಿ ಒಳಗೆ ಕೊಬ್ಬರಿ ಉಂಡೆಯಾಗಿ ಕಳಚಿಕೊಂಡಾಗ, ಕಾಯಿ ಅಲ್ಲಾಡಿಸಿದರೆ ಲೊಡಲೊಡ ಸದ್ದು ಬರುತ್ತದೆ. ಆ ಸದ್ದು ಕೇಳಲು ಮಾವ ದಿನಕ್ಕೆರಡು ಸಲ ಏಣಿ ಹತ್ತುತ್ತಾನೆ. ಕಾಯಿ ನೋಡಲು ಅವನಿಗೆ ಕಣ್ಣು ಬೇಡ, ಕಿವಿ ಸಾಕು. ಏಣಿ ಇಳಿಯಲು ಮಾತ್ರ ಕಣ್ಣು ಬೇಕಲ್ಲ? ಒಂದು ದಿನ ಕೊನೆಯ ಮೆಟ್ಟಿಲು ಎಂದುಕೊಂಡು ಕೊನೆಯದರ ಮೇಲಿನದರಿಂದ ಕಾಲಿಟ್ಟು, ಗಾಳಿಯನ್ನು ತುಳಿದು, ರಾಗಿ ಚೀಲದ ಮೇಲೆ ಕೂತ. “ಚೀಲ ಗಟ್ಟಿ ಐತಾ ಅಂತ ನೋಡ್ದೆ” ಅಂದ. ಅವತ್ತು ರಾಗಿ ಚೀಲ ಅಲ್ಲಿತ್ತು. ಅದು ಇಲ್ಲದ ದಿನ ಏನಾಗಬಹುದು? ಇವನ ಕಣ್ಣು ಹೇಗಾದರೂ ಮಾಡಿ ಆಪರೇಷನ್ ಆಗಬೇಕು, ಇವನು ಬಿದ್ದು ಹಾಸಿಗೆ ಹಿಡಿಯುವುದಕ್ಕೆ ಮೊದಲೇ ಆಗಬೇಕು. ಮೂರು ವರ್ಷ ನನ್ನ ತಲೆಯಲ್ಲಿ ಬೇರೆ ಏನೂ ಇರಲಿಲ್ಲ.

ಬಸ್ಸಿನ ಪ್ರಸಂಗ ಹೇಳದಿದ್ದರೆ ಅವನ ಹಟ ನಿಮಗೆ ಅರ್ಥವಾಗುವುದಿಲ್ಲ. ತಿಪಟೂರಿಗೆ ಮಗಳ ಮನೆಗೆ ಹೋಗಲು ಇಬ್ಬರೂ ಕ್ರಾಸಿನಲ್ಲಿ ನಿಂತಿದ್ದೆವು. ನಾನು ಬಾಳೆಹಣ್ಣು ಕೊಳ್ಳುತ್ತಿದ್ದಾಗ ಒಂದು ಬಸ್ಸು ಬಂತು. “ಬಾರೇ, ತಿಪ್ಟೂರು, ತಿಪ್ಟೂರು” ಎಂದು ಮಾವ ಹತ್ತಿಯೇಬಿಟ್ಟ, ಬಾಳೆಹಣ್ಣಿನ ಜೊತೆ ನಾನೂ ಹಿಂದೆ ಓಡಿದೆ. ಬಸ್ಸು ಹೆದ್ದಾರಿ ಬಿಟ್ಟು ಎಡಕ್ಕೆ ತಿರುಗಿದಾಗ ತಿಳಿಯಿತು, ಅದು ತುರುವೇಕೆರೆ ಬಸ್ಸು. ಬೋರ್ಡಿನ ಮೊದಲ ಅಕ್ಷರ ತ ಎನ್ನುವಷ್ಟು ಅವನಿಗೆ ಕಂಡಿದೆ, ಅದಕ್ಕೆ ಗುಡಿಸೋ ಕೊಂಬೋ ಕಂಡಿಲ್ಲ. ತಪ್ಪಾಯ್ತು ಅಂದನೇ? “ತುರುವೇಕೆರೆಲೂ ಒಂಚೂರು ಕೆಲ್ಸ ಇತ್ತು” ಅಂದ. ತುರುವೇಕೆರೆಯಲ್ಲಿ ಇಳಿದು, ಇಲ್ಲದ ಕೆಲಸ ಹುಡುಕುತ್ತಾ, ಪೇಟೆಯ ಉದ್ದಕ್ಕೂ ನನ್ನನ್ನು ನಡೆಸಿ, ಕೊನೆಗೆ ಒಂದು ಕುಡುಗೋಲಿಗೆ ಹಿಡಿ ಹಾಕಿಸಬೇಕು ಅಂದ. ಕುಡುಗೋಲು ಮನೆಯಲ್ಲಿತ್ತು.

ಹೀಗಿರುವಾಗ ಕಳೆದ ವರ್ಷ ನಮ್ಮೂರ ಆಶಾ ಕಾರ್ಯಕರ್ತೆ ಒಂದು ಸಂಜೆ ಗೇಟಿನಲ್ಲೇ ನಿಂತು ಕೂಗಿದಳು.

“ಅಕ್ಕಾ, ನಾಳೆ ಹತ್ತು ಗಂಟೆಗೆ ಇಬ್ರೂ ಸ್ಕೂಲ್ ಹತ್ರ ಬನ್ನಿ. ಬೆಂಗ್ಳೂರಿಂದ ಕಣ್ಣಿನ ಡಾಕ್ಟ್ರು ಬತ್ತಾವ್ರೆ. ವಯಸ್ಸಾದವ್ರ ಮನೇಲಿ ಜೀನ್ ಐತಾ ಅಂತ ನೋಡ್ತಾರಂತೆ. ನಿಮ್ಮನೆ ಹೆಸ್ರು ಬರ್ಸಿದೀನಿ.”

ಅವಳು ಹೋದಳು. ಮಾವ ಜಗಲಿಯ ಮೇಲೆ ಕೂತಿದ್ದವನು ನನ್ನ ಕಡೆ ತಿರುಗಿದ.

“ಬೆಂಗ್ಳೂರ್ಗಂಟ ಯಾರೇ ಹೇಳಿದ್ದು?”

“ಏನು?”

“ನಮ್ಮನೇಲಿ ಜೀನ ಅವ್ನೆ ಅಂತ. ಸರ್ಕಾರದೋರು ನೋಡಕ್ಕೆ ಬರೋ ಅಷ್ಟಾಯ್ತಾ?”

ನನಗೆ ನಗು ಒತ್ತರಿಸಿ ಬಂತು. ಅದು ಜೀನ ಅಲ್ಲ, ಜೀನ್, ಅಂದರೆ ಬೇರೇನೋ ಎಂದು ಹೇಳಲು ಬಾಯಿ ತೆಗೆದೆ. ಅಷ್ಟರಲ್ಲಿ ಅವನೇ ಎದ್ದು ನಿಂತು, “ಬತ್ತೀನಿ ನಡಿ, ನಾನೂ ಬತ್ತೀನಿ. ಯಾರು ಜೀನ ಅಂತ ಅವ್ರೇ ನೋಡ್ಲಿ” ಅಂದ. ನಾನು ತೆಗೆದ ಬಾಯಿ ಮುಚ್ಚಿಕೊಂಡೆ. ಮೂರು ವರ್ಷ ಅಂಗಲಾಚಿದರೂ ಕಣ್ಣಿನ ಡಾಕ್ಟರ ಹತ್ತಿರ ಬಾರದವನು ತಾನಾಗಿ ಹೊರಟಿದ್ದಾನೆ, ಇಂಗ್ಲಿಷ್ ಪಾಠ ಮಾಡಲು ನನಗೇನು ಹುಚ್ಚೇ?

ಬೆಳಿಗ್ಗೆ ನೋಡಿದರೆ ಅಂಗಳದಲ್ಲಿ ಎರಡು ಗೊನೆ ಎಳನೀರು. ಆಳನ್ನು ಕರೆಸಿ ಮರ ಹತ್ತಿಸಿದ್ದಾನೆ! ಮಗಳ ಬಾಣಂತನದಲ್ಲೂ ಎಳನೀರು ಕೇಳಿದರೆ “ಅದೇ ಕಾಯಿ ಬಲಿತ್ರೆ ಕೊಬ್ರಿ ಆಯ್ತದಲ್ಲೇ” ಎಂದು ಲೆಕ್ಕ ಹೇಳಿದ್ದ ಪುಣ್ಯಾತ್ಮ. ಗೊನೆಗಳನ್ನು ಸೈಕಲ್ಲಿಗೆ ಕಟ್ಟಿ, ಮಚ್ಚು ಸಿಕ್ಕಿಸಿ, ನನ್ನನ್ನು ಹಿಂದೆ ನಡೆಸಿಕೊಂಡು ಶಾಲೆಗೆ ಬಂದ. ಅಲ್ಲಿ ಮೇಜಿನ ಹಿಂದೆ ಒಬ್ಬರು ಹಿರಿಯ ಡಾಕ್ಟರಮ್ಮ, ಪಕ್ಕದಲ್ಲಿ ಫಾರಂ ತುಂಬಿಸುವ ಒಬ್ಬ ಹುಡುಗಿ. ಮಾವ ನಮಸ್ಕಾರವನ್ನೂ ಮಾಡದೆ ಎಳನೀರು ಕೆತ್ತಿ ಇಬ್ಬರ ಮುಂದೆಯೂ ಇಟ್ಟ.

“ಕುಡೀರಿ. ಕುಡ್ದು ಆಮೇಲೆ ಹೇಳಿ. ಜೀನ ಆಗಿದ್ರೆ ಹಿಂಗೆ ಎರಡು ಗೊನೆ ಇಳಿಸ್ಕಂಡು ಬತ್ತಿದ್ನಾ?”

ಹುಡುಗಿ ಬೆಂಗಳೂರಿನವಳು, ಕಣ್ಣು ಕಣ್ಣು ಬಿಟ್ಟಳು. ಡಾಕ್ಟರಮ್ಮ ನಮ್ಮ ಪಕ್ಕದ ಹುಳಿಯಾರು ಕಡೆಯವರಂತೆ, ಜೀನ ಅಂದರೆ ಅವರಿಗೆ ಗೊತ್ತು. ಒಂದು ಕ್ಷಣ ಮಾವನನ್ನು ನೋಡಿದರು, ಆಮೇಲೆ ಕುಡಿಯುತ್ತಿದ್ದ ಎಳನೀರು ಮೂಗಿಗೆ ಹತ್ತುವಷ್ಟು ನಕ್ಕರು. ಸುಧಾರಿಸಿಕೊಂಡು ಬಿಡಿಸಿ ಹೇಳಿದರು. ಪೊರೆಗೆ ವಯಸ್ಸೇ ಮೊದಲ ಕಾರಣ, ಬಿಸಿಲು, ಬೀಡಿ, ಸಕ್ಕರೆ ಕಾಯಿಲೆ ಇವೂ ಜೊತೆಗೆ ಸೇರುತ್ತವೆ. ಆದರೂ ಕೆಲವು ಮನೆತನಗಳಲ್ಲಿ ಬೇಗ ಬರುತ್ತದೆ, ಕೆಲವರಲ್ಲಿ ತಡವಾಗಿ ಬರುತ್ತದೆ. ಅಪ್ಪ ಅಮ್ಮನಿಂದ ಮೈಯೊಳಗೆ ಇಳಿದುಬರುವ ಗುಣಕ್ಕೆ ಜೀನ್ ಎನ್ನುತ್ತಾರೆ, ಪೊರೆಯಲ್ಲಿ ಅದರ ಪಾಲು ಎಷ್ಟು ಎಂದು ಹುಡುಕುತ್ತಿದ್ದೇವೆ ಅಂದರು.

ಮಾವನ ಮುಖ ಅರಳಿತು. “ಅಂಗನ್ನಿ! ಸಸಿ ಮಾಡೋ ಕಾಯಿಗೆ ತಾಯಿಮರ ಯಾವ್ದು ಅಂತ ನೋಡ್ದಂಗೆ.”

“ಹೂಂ ಯಜಮಾನ್ರೇ, ತಾಯಿಮರ ನೋಡೋಕೇ ಬಂದಿರೋದು.”

ಗೊನೆ ಕಡಿಸಿದ್ದು ದಂಡವಾಯಿತಲ್ಲ ಎಂದು ಅವನು ಮಿಕ್ಕ ಎಳನೀರಿನ ಕಡೆ ಒಂದು ಸಲ ನೋಡಿದ್ದು ನನಗೆ ಮಾತ್ರ ಕಂಡಿತು. ಆದರೆ ತಾಯಿಮರದ ಮಾತು ಅವನಿಗೆ ಹಿಡಿಸಿಬಿಟ್ಟಿತ್ತು, ಎದ್ದು ಹೋಗಲಿಲ್ಲ. ಡಾಕ್ಟರಮ್ಮ ಸಣ್ಣ ದೀಪ ಬಿಟ್ಟು ಅವನ ಕಣ್ಣು ನೋಡಿದರು. ಎರಡಕ್ಕೂ ಪೊರೆ, ಬಲಗಣ್ಣಿನದು ಪೂರ್ತಿ ಬಲಿತಿದೆ, ಇನ್ನು ಕಾದರೆ ಕಣ್ಣಿಗೇ ತೊಂದರೆ ಅಂದರು. “ಬಲಿತದಂತೆ ಕೇಳ್ಸ್ತಾ?” ಎಂದು ನಾನು ಮಾವನ ಪಕ್ಕೆ ತಿವಿದೆ. ಅವನು ಕೇಳಿಸದವನ ಹಾಗೆ ಕೂತ. ಕಣ್ಣು ಹೋದದ್ದು ಸಾಲದೆ ಕಿವಿಯೂ ಹೋಯಿತೇನೋ ಎಂಬಂತೆ.

ಮುಂದಿನದು ಉಗುಳು. ಒಂದು ಪುಟ್ಟ ಕೊಳವೆ ಕೊಟ್ಟು, ಗೆರೆಯವರೆಗೂ ತುಂಬಿಸಿ ಅಂದಳು ಹುಡುಗಿ. ಎಲೆ ಅಡಿಕೆ ಹಾಕಿಕೊಂಡಿರಬಾರದು ಎಂದು ಬಾಯಿ ಮುಕ್ಕಳಿಸಿ ಅರ್ಧ ಗಂಟೆ ಕೂರಿಸಿದಳು. ನಾನು ಬೇಗ ಮುಗಿಸಿದೆ. ಮಾವನದು ತಳವೂ ಮುಚ್ಚಲಿಲ್ಲ. “ಉಗುಳಿಗೂ ಜೀನತನವಾ ಮಾವ?” ಅಂದೆ. ಕಷ್ಟಪಟ್ಟು ಗೆರೆ ಮುಟ್ಟಿಸಿದ. ಒಬ್ಬೊಬ್ಬರಿಗೂ ಬೇರೆ ಬೇರೆ ಫಲಿತಾಂಶ ಕೊಡುವುದಿಲ್ಲ, ಎಲ್ಲರದ್ದೂ ಸೇರಿಸಿ ನೋಡಲು ವರ್ಷಗಳೇ ಬೇಕು ಎಂದು ಹುಡುಗಿ ಹೇಳಿದಾಗ ಅವನಿಗೆ ಅನ್ಯಾಯ ಅನ್ನಿಸಿತು.

“ಎಂಜ್ಲು ಈಸ್ಕಂಡು ಒಂದು ರಸೀತಿನೂ ಕೊಡಲ್ವಾ?”

ಆಮೇಲೆ ಹುಡುಗಿ ವಂಶದ ನಕ್ಷೆ ಬರೆಯಲು ಕೂತಳು. ಗಂಡಸಿಗೆ ಚೌಕ, ಹೆಂಗಸಿಗೆ ಸೊನ್ನೆ, ಪೊರೆ ಇದ್ದವರಿಗೆ ಒಳಗೆಲ್ಲ ಕಪ್ಪು. ಪಾಪ, ಸಲೀಸಾದ ಕೆಲಸ ಅಂದುಕೊಂಡಿದ್ದಳು.

“ನಿಮ್ಮ ಮಾವನವರಿಗೆ ಪೊರೆ ಇತ್ತಾ ಆಂಟಿ?”

“ಇದೆ, ಎರಡೂ ಕಣ್ಣಿಗೆ. ಈಗಿನ್ನೂ ನೋಡಿದ್ರಲ್ಲ.”

“ಅವರು ನಿಮ್ಮ ಯಜಮಾನರಲ್ವಾ?”

“ಹೂಂ. ಮಾವನೇ.”

ಅವಳು ಅಳಿಸಿದಳು. “ಸರಿ, ನಿಮ್ಮ ಅತ್ತೆ?”

“ಅತ್ತೆ ಅಂದ್ರೆ ನಮ್ಮಜ್ಜಿ. ನಮ್ಮಮ್ಮನ ಅಮ್ಮ.”

“ನಿಮ್ಮ ಯಜಮಾನರಿಗೆ ಅಕ್ಕತಂಗಿಯರು? ನಾದಿನಿ ಯಾರಾದ್ರೂ ಇದಾರಾ?”

“ಒಬ್ಬಳೇ ನಾದಿನಿ ಇದ್ದಿದ್ದು. ಅದೇ ನಮ್ಮಮ್ಮ.”

ಹುಡುಗಿ ಪೆನ್ಸಿಲ್ ಕೆಳಗಿಟ್ಟು ನೀರು ಕುಡಿದಳು. ಮೂರು ಹಾಳೆ ಹರಿದ ಮೇಲೆ ನಕ್ಷೆ ಒಂದು ಹದಕ್ಕೆ ಬಂತು. ಮೇಲೆ ಅಜ್ಜಿ ಒಂದು ಸೊನ್ನೆ. ಅವಳಿಂದ ಇಳಿದ ಒಂದು ಗೆರೆ ಅಮ್ಮನ ಮೂಲಕ ನನ್ನನ್ನು ಮುಟ್ಟಿತ್ತು, ಇನ್ನೊಂದು ಮಾವನ ಚೌಕಕ್ಕೆ ಬಂದು ಅಲ್ಲಿಂದ ನನ್ನ ಕಡೆಗೇ ತಿರುಗಿತ್ತು. ನನಗೂ ಮಾವನಿಗೂ ನಡುವೆ ಮಾತ್ರ ಒಂದರ ಕೆಳಗೊಂದು ಎರಡು ಗೆರೆ. ರಕ್ತಸಂಬಂಧದಲ್ಲೇ ಮದುವೆಯಾದವರಿಗೆ ಹಾಗೆ ಹಾಕುವುದಂತೆ.

“ಒಂದ್ ಗೆರೆ ಸಾಲ್ತಿರ್ಲಿಲ್ವಾ? ಸುಮ್ನೆ ದಂಡ” ಅಂದ ಮಾವ.

ಹುಡುಗಿ ನಕ್ಕು, ಅಜ್ಜಿಯ ಸೊನ್ನೆಯ ಮೇಲೆ ಪೆನ್ಸಿಲ್ ಇಟ್ಟಳು. “ತಾತ, ನಿಮ್ಮ ತಾಯಿಮರದ ವಿಷಯ ಹೇಳಿ. ಅವರಿಗೆ ಪೊರೆ ಇತ್ತಾ?”

“ಇತ್ತು.”

“ಆಪರೇಷನ್ ಆಗಿತ್ತಾ?”

“ಎಡಗಣ್ಣಿಗೆ ಆಗಿತ್ತು. ಕ್ಯಾಂಪಲ್ಲಿ.”

“ಆಮೇಲೆ ಚೆನ್ನಾಗಿ ಕಾಣ್ತಿತ್ತಾ?”

ಉತ್ತರ ನನಗೆ ಗೊತ್ತಿತ್ತು, ನಾನೇ ಹೇಳಿದೆ. ಇಲ್ಲ, ಕೀವಾಗಿ ಕಣ್ಣು ಹೋಯಿತು, ಕ್ಯಾಂಪಿನವರು ಕೆಡಿಸಿದರು, ಆಗ ನಾನು ಹೊಸದಾಗಿ ಮದುವೆಯಾಗಿ ಬಂದಿದ್ದೆ ಎಂದು. ಹುಡುಗಿ ಬರೆದುಕೊಳ್ಳುತ್ತಿದ್ದಳು.

“ಅಂಗ್ ಬರೀಬೇಡವ್ವ” ಅಂದ ಮಾವ. “ಕ್ಯಾಂಪ್ನೋರು ಕೆಡಿಸ್ಲಿಲ್ಲ. ನಾನು ಕೆಡಿಸ್ದೆ.”

ಅವನು ಹೇಳಿದ್ದನ್ನು ಹೇಳಿದ ಹಾಗೇ ಬರೆಯುತ್ತೇನೆ.

“ಪಟ್ಟಿ ಕಟ್ಟಿ ಮನೆಗೆ ಕಳಿಸಿದ್ರು. ಉರಿ ಕಣ್ಲಾ, ನವೆ ಕಣ್ಲಾ ಅಂತ ಅವ್ವ ಒದ್ದಾಡ್ತಿತ್ತು. ನೋಡಕ್ಕಾಗ್ಲಿಲ್ಲ ನಂಗೆ. ತಂಪಾಗ್ಲಿ ಅಂತ ಪಟ್ಟಿ ಎತ್ತಿ ಒಂದ್ ತೊಟ್ಟು ಎಣ್ಣೆ ಬುಟ್ಟೆ. ನಮ್ಮ ಕೊಬ್ರಿದೇ ಎಣ್ಣೆ, ಒಳ್ಳೆದು ಅಂತ. ಒಂದೇ ತೊಟ್ಟು. ಮೂರ್ ದಿನಕ್ಕೆ ಕೀವು ಬಂತು. ಅವ್ವ ಯಾರ್ಗೂ ಹೇಳ್ಲಿಲ್ಲ, ನನ್ಗೂ ಹೇಳಕ್ಕೆ ಬುಡ್ಲಿಲ್ಲ. ಊರೋರೆಲ್ಲ ಕ್ಯಾಂಪ್ನೋರ್ನ ಬೈದ್ರು. ನಾನೂ ಜತೇಲಿ ನಿಂತ್ಕಂಡು ಬೈದೆ.”

ನನಗೆ ಮೊದಲು ಬಂದದ್ದು ಸಿಟ್ಟು. ನಲವತ್ತು ವರ್ಷ ಒಂದೇ ಸೂರಿನ ಕೆಳಗೆ ಇದ್ದೇನೆ, ಇವನು ಎಷ್ಟು ಹೊತ್ತಿಗೆ ಸೀನುತ್ತಾನೆ ಎನ್ನುವುದೂ ನನಗೆ ಗೊತ್ತು, ಇದೊಂದನ್ನು ನನಗೆ ಹೇಳಲಿಲ್ಲವಲ್ಲ! ಆಮೇಲೆ ಅವನ ತಲೆ ನೋಡಿದೆ. ಒಣಗಿದ, ಎದ್ದು ನಿಂತ, ಊರೆಲ್ಲ ನಕ್ಕ ತಲೆ. ಅಜ್ಜಿಯ ಕಣ್ಣು ಹೋದ ವರ್ಷದಿಂದಲೇ ಅವನು ಎಣ್ಣೆ ಬಿಟ್ಟದ್ದು. ಮದುವೆಯ ಫೋಟೋದಲ್ಲಿ ಅದೇ ತಲೆ ಮಿರಮಿರ ಮಿಂಚುತ್ತಿದೆ, ಗೋಡೆಯ ಮೇಲೆ ದಿನಾ ನೋಡುತ್ತಿದ್ದೆ, ಒಂದು ದಿನವೂ ನನಗೆ ಹೊಳೆಯಲಿಲ್ಲ. ಅವನನ್ನು ಜೀನ ಎಂದು ಆಡಿಕೊಂಡವರಲ್ಲಿ ಮೊದಲನೆಯವಳು ನಾನು. ನನಗೆ ನಾಚಿಕೆಯಾಯಿತು, ಅಳುವೂ ಬಂತು. ಅಳುವುದು ಕಾಣದಿರಲಿ ಎಂದು ಒಂದು ಎಳನೀರು ಎತ್ತಿಕೊಂಡು ಮುಖಕ್ಕೆ ಅಡ್ಡ ಹಿಡಿದೆ.

ಡಾಕ್ಟರಮ್ಮ ಸುಳ್ಳು ಸಮಾಧಾನ ಹೇಳುವವರಲ್ಲ. “ಎಣ್ಣೆಯಿಂದ ಆಗಿರಬಹುದು ಯಜಮಾನ್ರೇ. ಆಗಿನ ಆಪರೇಷನ್ ದೊಡ್ಡದು, ಬೇರೆ ದಾರಿಯಲ್ಲೂ ಕೀವು ಆಗಿರಬಹುದು. ಯಾವುದು ಅಂತ ಈಗ ಯಾರೂ ಹೇಳೋಕಾಗಲ್ಲ. ನಿಮ್ಮ ತಾಯಿ ಕಣ್ಣು ಹಂಗಾಯ್ತು ಅಂತ ನಿಮ್ಮ ಕಣ್ಣೂ ಹಂಗೇ ಆಗುತ್ತೆ ಅಂತೇನಿಲ್ಲ. ಅದು ಜೀನ್ ಅಲ್ಲ.”

“ಅಲ್ವಾ?”

“ಅಲ್ಲ.”

ಮಾವ ನನ್ನ ಕಡೆ ತಿರುಗಿದ. ಕಣ್ಣಲ್ಲಿ ನೀರಿತ್ತು, ಆದರೂ ಬಿಟ್ಟುಕೊಡಲಿಲ್ಲ. “ಕೇಳ್ಸ್ಕಂಡ್ಯೇನೇ? ಜೀನ ಅಲ್ವಂತೆ. ಡಾಕ್ಟ್ರೇ ಅಂದ್ರು.”

ಬಲಗಣ್ಣಿನ ಆಪರೇಷನ್ ಹದಿನೈದು ದಿನದೊಳಗೆ ಆಯಿತು. ಒಪ್ಪುವ ಮೊದಲು ಒಂದು ಕರಾರು ಹಾಕಿದ. ಕಣ್ಣಿಗೆ ಔಷಧಿಯ ಹನಿ ನಾನೇ ಹಾಕಬೇಕು, ಅವನ ಕೈ ಅವನ ಕಣ್ಣಿನ ಹತ್ತಿರ ಬರಬಾರದು. ಆಪರೇಷನ್ ಮುಗಿಸಿ ಮನೆಗೆ ಬಂದ ಮೊದಲ ದಿನ, ಹನಿ ಹಾಕಲು ಹೋದವಳನ್ನು ತಡೆದು, “ಕೈ ತೊಳ್ಕಂಡ್ಯಾ?” ಅಂದ. ತೊಳೆದೆ ಅಂದೆ. “ಯಾವ್ ಸೋಪಲ್ಲಿ?” ಬಚ್ಚಲಲ್ಲಿ ಇನ್ಯಾವುದಿದೆ, ಅದೇ ಉಂಡೆ. ಅವನು ದಿಂಬಿನ ಕೆಳಗೆ ಕೈ ಹಾಕಿ, ಕಾಗದವನ್ನೂ ಬಿಚ್ಚದ ಹೊಸ ಸೋಪು ತೆಗೆದುಕೊಟ್ಟ. ಮೂರು ಸಲ ತೊಳೆಸಿದ. ಆ ತಿಂಗಳು ನಮ್ಮ ಮನೆಯಲ್ಲಿ ಕರಗಿದಷ್ಟು ಸೋಪು ಮದುವೆಯಾದಾಗಿನಿಂದ ಕರಗಿರಲಿಕ್ಕಿಲ್ಲ. ಅಡುಗೆಮನೆಯ ಎಣ್ಣೆಯ ಬಾಟಲಿಯನ್ನು ನನ್ನ ಕೈಯಲ್ಲೇ ಅಟ್ಟಕ್ಕೆ ಸಾಗಿಸಿ, ಏಣಿಯನ್ನು ಹಿತ್ತಲಿಗೆ ಹಾಕಿಸಿದ. ಅಷ್ಟು ದಿನವೂ ಒಗ್ಗರಣೆ ಇಲ್ಲದ ಸಾರು. ನಾನು ಗೊಣಗಲಿಲ್ಲ. ಏಣಿ ಹಿತ್ತಲಲ್ಲಿ ಬಿದ್ದಿದೆ ಎನ್ನುವುದೇ ನನಗೆ ಹೋಳಿಗೆ ಊಟ.

ಕಣ್ಣು ಬಂತು. ಕ್ರಾಸಿನಲ್ಲಿ ನಿಂತು ಬರುವ ಬಸ್ಸುಗಳ ಬೋರ್ಡನ್ನೆಲ್ಲ ಗಟ್ಟಿಯಾಗಿ ಓದುತ್ತಿದ್ದ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ, ಯಾರೂ ಕೇಳದಿದ್ದರೂ. ಎಡಗಣ್ಣಿನದೂ ಆಗಿ, ತಲೆಗೆ ಸ್ನಾನ ಮಾಡಬಹುದು ಎಂದು ಡಾಕ್ಟರು ಒಪ್ಪಿದ ಮೇಲೆ, ಒಂದು ಭಾನುವಾರ ಬೆಳಿಗ್ಗೆ ಹಂಡೆಗೆ ಉರಿ ಹಾಕಿ ಬಂದೆ. ಮಾವ ಜಗಲಿಯ ಕೆಳಗಿನ ಮೆಟ್ಟಿಲ ಮೇಲೆ ನನಗೆ ಬೆನ್ನು ಮಾಡಿ ಕೂತಿದ್ದ. ಪಕ್ಕದಲ್ಲಿ ಎಣ್ಣೆಯ ಬಾಟಲಿ. ಏಣಿ ಹಾಕಿ, ತಾನೇ ಹತ್ತಿ, ತಾನೇ ಇಳಿಸಿಕೊಂಡು ಬಂದಿದ್ದಾನೆ.

“ಹಚ್ಚೇ” ಅಂದ. “ಒಂದ್ ತೊಟ್ಟು ಸಾಕು.”

ನಾನು ಅವನ ಹಿಂದೆ ಕೂತು, ಅಂಗೈ ತುಂಬ ಬಗ್ಗಿಸಿಕೊಂಡು, ನೆತ್ತಿಯ ಮೇಲೆ ಸುರಿದೆ. ನಲವತ್ತು ವರ್ಷದ ಒಣತಲೆ ಅಷ್ಟನ್ನೂ ಕುಡಿಯಿತು. ಇನ್ನೊಂದು ಅಂಗೈ ಸುರಿದೆ. ಅದು ಕಿವಿಯ ಹಿಂದಿನಿಂದ ಕತ್ತಿಗಿಳಿದು ಬನಿಯನ್ನೆಲ್ಲ ತೊಯ್ಯಿಸಿತು. ದಂಡ ಕಣೇ, ದಂಡ ಎಂದು ಈಗ ಕೂಗುತ್ತಾನೆ, ಈಗ ಕೂಗುತ್ತಾನೆ ಎಂದು ಕಾದೆ. ಜೀನ ಬಾಯಿ ಬಿಡಲಿಲ್ಲ. ಎರಡೂ ಹೊಸ ಕಣ್ಣನ್ನು ಬಿಗಿಯಾಗಿ ಮುಚ್ಚಿಕೊಂಡು, ಅವುಗಳ ಮೇಲೆ ಎರಡೂ ಅಂಗೈ ಒತ್ತಿಕೊಂಡು, ನಾನು ಸಾಕು ಅನ್ನುವವರೆಗೂ ಹಾಗೇ ಕೂತಿದ್ದ.